ಪೂರ್ತಿ ತೆಗಿ, ಅರ್ಧಂಬರ್ಧ ಬೇಡ

ಅಷ್ಟೂ ರಾದ್ಧಾಂತಕ್ಕೆ ಕಾರಣ ಅರ್ಧ ಲೀಟರ್ ಹಾಲು.

ಬೆಳಿಗ್ಗೆ ಏಳೂವರೆಗೆ ಅದನ್ನು ಒಲೆಯ ಮೇಲಿಟ್ಟ ಕಾಗುಣಿತ, ಉಕ್ಕುವವರೆಗೆ ಸುಮ್ಮನೆ ನಿಲ್ಲುವುದೇಕೆಂದು ಹಾಲಿನ ಪ್ಯಾಕೆಟ್ ಮೇಲಿನ ಬರಹ ಓದತೊಡಗಿದ. ಓದಬಾರದಿತ್ತು. ‘ಶುದ್ಧ’ ಎಂದಿರಬೇಕಾದಲ್ಲಿ ‘ಶುದ್ದ’ ಎಂದಿತ್ತು. ಧಕಾರದ ಸೀಳಿದ ಹೊಟ್ಟೆ ಹೊಲಿದು ದಕಾರ ಮಾಡಿ ಕೂರಿಸಿದ್ದರು. ಅವನಿಗೆ ತಡೆಯಲಾಗಲಿಲ್ಲ. ಕೆಂಪು ಪೆನ್ನು ತಂದು ತಿದ್ದಿದ. ಪ್ಯಾಕೆಟ್ ಒದ್ದೆಯಾಗಿದ್ದರಿಂದ ಶಾಯಿ ಹರಡಿತು. ಒರೆಸಿ, ಒಣಗಿಸಿ, ಮತ್ತೆ ತಿದ್ದಿದ. ಆಮೇಲೆ ಡೇರಿಯವರಿಗೆ ಒಂದು ಪತ್ರ ಬರೆಯಲು ಕುಳಿತ. ‘ಮಾನ್ಯರೇ, ತಮ್ಮ ಹಾಲು ಶುದ್ಧವಾಗಿದ್ದರೂ’ ಎನ್ನುವಷ್ಟರಲ್ಲಿ ಅಡುಗೆಮನೆಯಿಂದ ಕಪ್ಪು ಹೊಗೆ ಬಂದು ಅವನ ಭುಜ ತಟ್ಟಿತು.

ಅವನ ಹೆಸರು ಕಾಗುಣಿತವಲ್ಲ. ಅಪ್ಪ ಅಮ್ಮ ಒಳ್ಳೆಯ ಹೆಸರನ್ನೇ ಇಟ್ಟಿದ್ದರು. ಆದರೆ ಇಪ್ಪತ್ತೆರಡು ವರ್ಷ ಒಂದೇ ಛಾಪಖಾನೆಯಲ್ಲಿ ಕರಡು ತಿದ್ದಿದವನು, ಕಟ್ಟಡದ ನೋಟಿಸ್ ಬೋರ್ಡನ್ನೂ ಬಿಡದೆ ತಿದ್ದುತ್ತಿದ್ದುದರಿಂದ ಇಪ್ಪತ್ತನಾಲ್ಕು ಮನೆಯವರೂ ಸೇರಿ ಈ ಹೆಸರು ದಯಪಾಲಿಸಿದ್ದರು. ಅವನ ಕಸುಬಿನ ಸೂತ್ರ ಒಂದೇ: ಅಕ್ಷರ ನೋಡಬೇಕು, ಅರ್ಥ ನೋಡಬಾರದು. ಅರ್ಥದ ಹಿಂದೆ ಹೋದರೆ ಅಕ್ಷರ ತಪ್ಪಿಸಿಕೊಳ್ಳುತ್ತದೆ. ಒಮ್ಮೆ ಯಾರದೋ ಶ್ರದ್ಧಾಂಜಲಿ ಕಾರ್ಡಿನಲ್ಲಿ ‘ಕುಟುಂಬಸಮೇತ ಬಂದು ನಮ್ಮ ಸಂತೋಷದಲ್ಲಿ ಭಾಗಿಯಾಗಿ’ ಎಂದು ಅಚ್ಚಾಗಿತ್ತು. ಮಾಲೀಕರು ಕೂಗಾಡಿದಾಗ ಅವನು ಶಾಂತವಾಗಿ ಕೇಳಿದ್ದ: “ಕುಟುಂಬಸಮೇತದಲ್ಲಿ ತಪ್ಪಿದೆಯಾ ಸಾರ್?”

ತಪ್ಪಿರಲಿಲ್ಲ.

ಈಗ ಹೊಗೆಯ ವಿಚಾರ. ಇದೇ ಹೊಗೆ ಎಂಟು ತಿಂಗಳ ಹಿಂದೆ ಎದ್ದಿದ್ದರೆ ಕೇಳುವವರೇ ಇರಲಿಲ್ಲ. ಆ ಕಟ್ಟಡಕ್ಕೆ ನಲವತ್ತು ವರ್ಷ. ಎಲ್ಲ ಕಿಟಕಿ ಮುಚ್ಚಿದರೂ ಪರದೆಗಳು ಕುಣಿಯುತ್ತಿದ್ದವು. ಚಳಿಗಾಲದಲ್ಲಿ ಮನೆಯೊಳಗೆ ಟೋಪಿ ಹಾಕಿಕೊಂಡು, ಬಿಸಿಲು ಕಾಯಲು ಬೀದಿಗೆ ಹೋಗುತ್ತಿದ್ದರು. ಒಬ್ಬರ ಮನೆಯಲ್ಲಿ ಸೀನಿದರೆ ಮೇಲಿನ ಮನೆಯಲ್ಲಿ ಕ್ಯಾಲೆಂಡರ್ ಅಲ್ಲಾಡುತ್ತಿತ್ತು. ಬಿಸಿ ಮಾಡಿದ ಗಾಳಿಯೆಲ್ಲ ಬಿರುಕಿನಲ್ಲಿ ಸೋರಿ ಇಡೀ ಬೀದಿಯೇ ಬೆಚ್ಚಗಾಗುತ್ತಿತ್ತು. ಅದಕ್ಕೇ ಕಟ್ಟಡಕ್ಕೆ ದುರಸ್ತಿ ಬಂತು. ಗೋಡೆಗಳಿಗೆ ಹೊರಗಿನಿಂದ ಒಂದು ಗೇಣು ದಪ್ಪದ ಥರ್ಮೊಕೋಲ್ ಹಲಗೆ ಬಡಿದು ಸ್ವೆಟರ್ ತೊಡಿಸಿದಂತೆ ಮಾಡಿದರು. ಹಳೇ ಕಿಟಕಿ ಕಿತ್ತು ಎರಡು ಗಾಜಿನ ಹೊಸ ಕಿಟಕಿ ಕೂರಿಸಿ, ಸುತ್ತ ರಬ್ಬರ್ ಪಟ್ಟಿ ಒತ್ತಿದರು. ಬಿರುಕಿಗೆಲ್ಲ ನೊರೆಯಂಥ ಅಂಟು ತುಂಬಿದರು. ಈಗ ಒಳಗಿನದು ಹೊರಗಿಲ್ಲ, ಹೊರಗಿನದು ಒಳಗಿಲ್ಲ. ಸೊಳ್ಳೆ ಕೂಡ ಬಾಗಿಲು ತಟ್ಟಿಯೇ ಬರಬೇಕು.

ಸೀದ ಹಾಲಿನ ವಾಸನೆ ಎಲ್ಲಿಗೆ ಹೋದೀತು? ಅಡುಗೆಮನೆಯಿಂದ ಹಜಾರಕ್ಕೆ ಬಂತು, ಹಜಾರದಿಂದ ಮಲಗುವ ಕೋಣೆಗೆ ಹೋಗಿ ದಿಂಬಿನ ಮೇಲೆ ತಲೆಯಿಟ್ಟಿತು.

ಅದೇ ದಿನ ಸಂಜೆ ಹೆಂಡತಿ ಬರುವವಳಿದ್ದಳು. ಕೆಲಸ ಶುರುವಾಗಿ, ಕಟ್ಟಡದ ಸುತ್ತ ಕಂಬ-ಹಲಗೆಯ ಸಾರುವೆ ಕಟ್ಟಿ, ಅದರ ಮೇಲೆ ಹಸಿರು ಬಲೆ ಇಳಿಬಿಟ್ಟ ದಿನವೇ ಅವಳು ಪೆಟ್ಟಿಗೆ ಕಟ್ಟಿದ್ದಳು. “ಈ ಧೂಳು, ಈ ಕತ್ತಲೆ ನನ್ನ ಕೈಲಾಗಲ್ಲ ರೀ. ಬಲೆ ಇಳಿದ ದಿನ ಹೇಳಿ, ಅಕ್ಕನ ಮನೆಯಿಂದ ಬರ್ತೀನಿ.” ಎಂಟು ತಿಂಗಳಾಯಿತು. ಅವಳು ಅವನಿಗೆ ಚೀಟಿ ಬರೆದಿಡುವಾಗ ಬೇಕೆಂದೇ ಒಂದು ತಪ್ಪು ಮಾಡಿಡುತ್ತಿದ್ದಳು, ತಿದ್ದಿಕೊಂಡು ಖುಷಿಯಾಗಿರಲಿ ಅಂತ. ಫ್ರಿಜ್ಜಿನ ಬಾಗಿಲ ಮೇಲೆ ಅವಳ ಕೊನೆಯ ಚೀಟಿ ಇನ್ನೂ ಅಂಟಿಕೊಂಡಿತ್ತು: ‘ಹಾಲು ಕಾಸುವಾಗ ಮುಂದೆ ನಿಂತಿರಿ. ನಮ್ಮಮ್ಮನ ಪಾತ್ರೆ ಜೋಪಾಣ.’ ಆ ‘ಣ’ವನ್ನು ಅವನು ಎಂಟು ತಿಂಗಳಿಂದ ತಿದ್ದದೆ ಉಳಿಸಿಕೊಂಡಿದ್ದ.

ಆ ಮಧ್ಯಾಹ್ನ ಮೂರಕ್ಕೆ ಗಾಳಿ ಪರೀಕ್ಷೆ. ಕಟ್ಟಡದ ಮುಂಬಾಗಿಲಿಗೆ ಒಂದು ದೊಡ್ಡ ಫ್ಯಾನು ಕೂರಿಸಿ ಒಳಗಿನ ಗಾಳಿ ಎಳೆಯುತ್ತಾರೆ, ಎಲ್ಲಿಂದ ಎಷ್ಟು ಸೋರುತ್ತದೆ ಅಂತ ಅಳೆಯುತ್ತಾರೆ. ಪಾಸಾದರೆ ಅವತ್ತೇ ಬಲೆ ಇಳಿಯುತ್ತದೆ. ಫೇಲಾದರೆ ಮರುಪರೀಕ್ಷೆ ಆರು ತಿಂಗಳ ನಂತರ, ಅಲ್ಲಿಯವರೆಗೆ ಬಲೆ ಅಲ್ಲೇ. ಇದನ್ನು ಸೆಕ್ರೆಟರಿ ನೋಟಿಸ್ ಬೋರ್ಡಿನಲ್ಲಿ ಬರೆದಿದ್ದರು. ಕಾಗುಣಿತ ಅದರಲ್ಲಿ ನಾಲ್ಕು ತಪ್ಪು ತಿದ್ದಿದ್ದ.

ಸರಿ, ಅವನು ಅಡುಗೆಮನೆಯ ಕಿಟಕಿ ತೆರೆಯಲು ಹಿಡಿ ತಿರುಗಿಸಿದ. ತಿರುಗಲಿಲ್ಲ. ಒಂದು ತಿಂಗಳ ಹಿಂದಷ್ಟೇ ಕೂರಿಸಿದ ಕಿಟಕಿ ಹೊಸ ಅಳಿಯನಂತೆ ಬಿಗಿದುಕೊಂಡಿತ್ತು. ಒದ್ದೆ ಬಟ್ಟೆ ಸುತ್ತಿ ತಿರುಗಿಸಿದ. ಕಾಲು ಗೋಡೆಗೆ ಕೊಟ್ಟು ಎಳೆದ. ಅವನ ಭುಜ ಸ್ವಲ್ಪ ತೆರೆದುಕೊಂಡಿತೇ ಹೊರತು ಕಿಟಕಿಯಲ್ಲ.

ಅಷ್ಟರಲ್ಲಿ ಹೊರಗಿನ ಸಾರುವೆಯ ಮೇಲೆ ಕಿಟಕಿ ಮೇಸ್ತ್ರಿ ಕಾಣಿಸಿದ. ಕಾಗುಣಿತ ಗಾಜು ತಟ್ಟಿ ಕೂಗಿದ. ಎರಡು ಗಾಜಿನ ಆಚೆ ಅದು ಮೀನಿನ ಭಾಷಣದಂತೆ ಕಂಡಿತು. ಮೇಸ್ತ್ರಿ ‘ಬಂದೆ’ ಎಂದು ಕೈಸನ್ನೆ ಮಾಡಿ, ಮೆಟ್ಟಿಲು ಹತ್ತಿ ಬಾಗಿಲಿಗೇ ಬಂದ.

“ಏನ್ ಸಾರ್?”

“ಅಡುಗೆಮನೆ ಕಿಟಕಿ ತೆಗೀಬೇಕಯ್ಯಾ.”

ಮೇಸ್ತ್ರಿ ತಲೆ ಕೆರೆದುಕೊಂಡ. “ತೆಗೀಬೇಕಾ? ಇವತ್ತೇನಾ?”

“ಇವತ್ತಲ್ಲ, ಈಗಲೇ. ಸಂಜೆ ಮನೆಯವರು ಬರ್ತಾರೆ.”

“ಪೂರ್ತೀನಾ ಸಾರ್?”

“ಪೂರ್ತಿ ತೆಗಿ, ಅರ್ಧಂಬರ್ಧ ಬೇಡ. ನಾನು ಛಾಪಖಾನೆಗೆ ಹೋಗಿ ಅರ್ಧ ದಿನದ ರಜಾ ಬರೆದುಕೊಟ್ಟು ಬರ್ತೀನಿ.”

“ನಿಮ್ಮಿಷ್ಟ ಸಾರ್,” ಎಂದ ಮೇಸ್ತ್ರಿ, ಬಡವನ ಮನೆಗೆ ಆನೆ ಕೊಡಿಸಿ ಎಂದವರನ್ನು ನೋಡುವಂತೆ ಅವನನ್ನೇ ನೋಡುತ್ತ.

ಹನ್ನೆರಡಕ್ಕೆ ಕಾಗುಣಿತ ವಾಪಸು ಬಂದ. ಬಾಗಿಲು ತೆರೆದ ಕೂಡಲೇ ತಂಗಾಳಿ ಮುಖಕ್ಕೆ ಬೀಸಿತು. ಮೂಗೆಳೆದು ನೋಡಿದ. ಹಾಲಿನ ವಾಸನೆ ಹೋಗಿತ್ತು. ಖುಷಿಯಿಂದ ಅಡುಗೆಮನೆಗೆ ಬಂದ.

ಕಿಟಕಿಯೂ ಹೋಗಿತ್ತು.

ಚೌಕಟ್ಟು, ಗಾಜು, ಹಿಡಿ, ರಬ್ಬರ್ ಪಟ್ಟಿ, ಯಾವುದೂ ಇರಲಿಲ್ಲ. ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಚಚ್ಚೌಕ ತೂತು. ಅದರಾಚೆ ಸಾರುವೆಯ ಹಲಗೆ, ಅದರಾಚೆ ಹಸಿರು ಬಲೆ. ಹಲಗೆಯ ಮೇಲೆ ಒಂದು ಪಾರಿವಾಳ ಕುಳಿತು ‘ಒಳಗೆ ಬರಬಹುದಾ’ ಎಂಬಂತೆ ನೋಡುತ್ತಿತ್ತು.

ಮೇಸ್ತ್ರಿ ಕೆಳಗೆ ಊಟ ಮಾಡುತ್ತಿದ್ದ. ಕಾಗುಣಿತ ಮೂರು ಮಹಡಿ ಒಂದೇ ಉಸಿರಿಗೆ ಇಳಿದ.

“ಕಿಟಕಿ ಎಲ್ಲಯ್ಯಾ?”

“ತೆಗೆದೆ ಸಾರ್.”

“ತೆಗಿ ಅಂದ್ರೆ ತೆಗಿ ಅಂತ ಕಣಯ್ಯಾ! ತೆಗೆದುಬಿಡು ಅಂತ ಅಲ್ಲ!”

ಮೇಸ್ತ್ರಿ ತುತ್ತು ಕೈಯಲ್ಲೇ ಹಿಡಿದು ಯೋಚಿಸಿದ. “ಎಂಟು ತಿಂಗಳಿಂದ ಇಲ್ಲಿ ಎಲ್ಲರೂ ‘ಕಿಟಕಿ ತೆಗಿ’ ಅಂದಾಗ ತೆಗೆದಿದ್ದೀನಿ ಸಾರ್. ಯಾರೂ ಬೈದಿಲ್ಲ. ನೀವು ಪೂರ್ತಿ ಅಂದ್ರಿ. ನಾನು ಎರಡು ಸಲ ಕೇಳಿದೆ.”

“ಹೋಗ್ಲಿ, ಈಗ ಹಾಕು.”

“ಹಾಕಬಹುದು. ಆದ್ರೆ ತೆಗೆದ ಕಿಟಕಿ ಎಲ್ಲ ಲಾರಿಗೆ ಹಾಕಿ ಗುಜರಿಗೆ ಕಳಿಸ್ತೀವಿ. ಲಾರಿ ಹತ್ತೂವರೆಗೆ ಹೋಯ್ತು.”

“ಅದು ಹೊಸಾ ಕಿಟಕಿ! ನೀನೇ ಹಾಕಿದ್ದು!”

“ಅದಕ್ಕೇ ಸಾರ್ ಅಷ್ಟು ಸಲೀಸಾಗಿ ಬಂತು,” ಎಂದ ಮೇಸ್ತ್ರಿ ಅಭಿಮಾನದಿಂದ. “ನಾಳೆ ಬೇರೆ ತರಿಸ್ತೀನಿ ಬಿಡಿ.”

ನಾಳೆ! ಇನ್ನು ಮೂರು ಗಂಟೆಯಲ್ಲಿ ಪರೀಕ್ಷೆ. ಸೂಜಿ ಹೋಗುವಷ್ಟು ಸಂದಿ ಇದ್ದರೂ ಹಿಡಿಯುವ ಫ್ಯಾನಿನ ಮುಂದೆ ಕರು ನುಗ್ಗುವಷ್ಟು ತೂತು. ಇಪ್ಪತ್ತನಾಲ್ಕು ಮನೆಯವರು ಇನ್ನೂ ಆರು ತಿಂಗಳು ಹಸಿರು ಕತ್ತಲೆಯಲ್ಲಿ ಕೂತು ಅವನಿಗೆ ಶಾಪ ಹಾಕುತ್ತಾರೆ. ಅದನ್ನಾದರೂ ಸಹಿಸಬಹುದು. ಹೆಂಡತಿ ಇನ್ನೂ ಆರು ತಿಂಗಳು ಅಕ್ಕನ ಮನೆಯಲ್ಲಿ.

ಅವನು ಓಡಿ ಬಂದು ಮೊದಲು ಕರಿ ಹಿಡಿದ ಹಾಲಿನ ಪಾತ್ರೆಯನ್ನು ತೂತಿನಾಚೆ ಸಾರುವೆಯ ಹಲಗೆಯ ಮೇಲೆ ಬಚ್ಚಿಟ್ಟ. ಗಾಬರಿಯಾದ ಮನುಷ್ಯ ಯಾವಾಗಲೂ ಸಣ್ಣ ಕೆಲಸವನ್ನೇ ಮೊದಲು ಮಾಡುವುದು. ಆಮೇಲೆ ಡಬಲ್ ಹಾಸಿಗೆಯನ್ನು ಎಳೆದು ತಂದು ತೂತಿಗೆ ಒರಗಿಸಿದ. ಹಾಸಿಗೆ ಸುಸ್ತಾದವರಂತೆ ಅವನ ಮೇಲೇ ಒರಗಿತು.

ಆಗ ಬಾಗಿಲ ಗಂಟೆ ಸದ್ದು ಮಾಡಿತು. ಸೆಕ್ರೆಟರಿ. ಕೈಯಲ್ಲಿ ಅಂಗೈಯಗಲದ ಬಿಳಿ ಡಬ್ಬಿ.

“ನೋಡಿ ಕಾಗುಣಿತದವ್ರೇ, ಪರೀಕ್ಷೆ ಸಾಹೇಬ್ರು ಆಗ್ಲೇ ಬಂದ್ರು. ಈ ಡಬ್ಬಿ ಮನೆಯೊಳಗಿನ ಗಾಳಿ ಶುದ್ಧವಾಗಿದೆಯಾ ಅಂತ ನೋಡುತ್ತಂತೆ. ಯಾವುದಾದ್ರೂ ಒಂದು ಮನೇಲಿಡಿ ಅಂದ್ರು. ನಾನು ಬುದ್ಧಿ ಉಪಯೋಗಿಸ್ದೆ. ನಿಮ್ಮನೇಲಿ ನೀವೊಬ್ಬರೇ. ಒಬ್ಬರ ಉಸಿರಲ್ಲಿ ಏನು ಮಹಾ ಕೆಡುತ್ತೆ, ಅಲ್ವಾ?” ಎಂದು ಹಜಾರದ ಫ್ರಿಜ್ಜಿನ ಮೇಲಿಟ್ಟು, “ಏನು ಇಷ್ಟು ತಣ್ಣಗಿದೆ?” ಎಂದರು.

“ಫ್ರಿಜ್ಜು ಸಾರ್,” ಎಂದ ಕಾಗುಣಿತ, ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು.

“ಎಲ್ಲ ಮನೆಯವರೂ ಮುಂಬಾಗಿಲು ತೆರೆದಿಡಬೇಕು, ಕಿಟಕಿ ಮುಚ್ಚಿರಬೇಕು. ನಿಮ್ಮದು ಮುಚ್ಚಿದೆ ತಾನೇ?”

“ಅದನ್ನ ತೆರೆಯೋಕೆ ಸಾಧ್ಯವೇ ಇಲ್ಲ ಸಾರ್,” ಎಂದ. ಅವನು ಸುಳ್ಳು ಹೇಳುವವನಲ್ಲ.

ಸೆಕ್ರೆಟರಿ ಇಳಿದು ಹೋದರು. ಅವರ ಹಿಂದೆಯೇ ಎದುರುಮನೆಯ ಡಂಗುರದಕ್ಕ ಒಳಗೆ ಬಂದಳು. ಹೆಸರೇ ಹೇಳುವಂತೆ, ಆಕೆಗೆ ಗೊತ್ತಾದದ್ದು ಆಕೆಯ ಹತ್ತಿರ ಉಳಿಯುತ್ತಿರಲಿಲ್ಲ. ಮನೆಗಳ ಬಿರುಕು ಮುಚ್ಚಿದ ಮೇಲೆ ಪಕ್ಕದ ಮನೆಯ ಮಾತು ಕೇಳಿಸದೆ ಎರಡು ಕೆಜಿ ಇಳಿದಿದ್ದಳು ಪಾಪ.

“ತಮ್ಮಾ, ನಿಮ್ಮನೇಲಿ ಪಾರಿವಾಳದ ಸದ್ದು ಬರ್ತಿದೆಯಲ್ಲೋ?” ಎಂದು ಅವನ ತೋಳಿನ ಸಂದಿಯಿಂದ ಇಣುಕಿದವಳು ಎದೆಗೆ ಕೈ ಹಚ್ಚಿದಳು. “ಅಯ್ಯಯ್ಯೋ! ಗೋಡೇನೇ ಇಲ್ವಲ್ಲೋ!”

“ಗೋಡೆ ಇದೆ ಅಕ್ಕಾ. ಕಿಟಕಿ ಇಲ್ಲ. ಯಾರಿಗೂ ಹೇಳ್ಬೇಡಿ, ನಿಮ್ಮ ದಮ್ಮಯ್ಯ.”

“ನಾನ್ಯಾಕೋ ಹೇಳ್ಲಿ! ನಾನೇನು ಅಂಥವಳಾ?”

ಹನ್ನೊಂದು ನಿಮಿಷದಲ್ಲಿ ಇಡೀ ಕಟ್ಟಡಕ್ಕೆ ಗೊತ್ತಾಯಿತು. ಮೊದಲನೇ ಮಹಡಿಗೆ ಬರುವಷ್ಟರಲ್ಲಿ ‘ಕಾಗುಣಿತದವರ ಅಡುಗೆಮನೆ ಬಿದ್ದುಹೋಗಿದೆ’ ಎಂದಾಗಿತ್ತು, ನೆಲಮಹಡಿಯಲ್ಲಿ ‘ಕಾಗುಣಿತನೇ ಬಿದ್ದುಹೋಗಿದ್ದಾನೆ’ ಎಂದಾಗಿತ್ತು. ಅಳಲು ತಯಾರಾಗಿ ಬಂದ ಇಬ್ಬರು ಅವನು ನಿಂತಿರುವುದು ನೋಡಿ ಸ್ವಲ್ಪ ನಿರಾಶರಾದರು.

ಬಂದವರೆಲ್ಲ ಮೊದಲು ಬೈದರು. ಆಮೇಲೆ ಬಲೆಯ ನೆನಪಾಯಿತು. ಎಂಟು ತಿಂಗಳಿಂದ ಎಲ್ಲರ ಮುಖವೂ ಆ ಬಲೆಯ ಬೆಳಕಿನಲ್ಲಿ ಹಸಿ ಬಟಾಣಿಯಂತಾಗಿತ್ತು. ಸೆಕ್ರೆಟರಿಗೆ ಮಾತ್ರ ಹೇಳಕೂಡದು ಎಂದು ತೀರ್ಮಾನವಾಯಿತು. ಡಂಗುರದಕ್ಕನ ಬಾಯಿಗೆ ಕಾವಲಾಗಿ ಆಕೆಯ ಗಂಡನನ್ನು ನಿಲ್ಲಿಸಿದರು. ಆತ ಮೂವತ್ತು ವರ್ಷದಲ್ಲಿ ಸಾಧಿಸಲಾಗದ್ದನ್ನು ಒಂದು ಗಂಟೆಯಲ್ಲಿ ಸಾಧಿಸುವ ಹುಮ್ಮಸ್ಸಿನಲ್ಲಿ ನಿಂತ.

“ಹಾಸಿಗೆ ತನ್ನಿ!” ಎಂದರು ತಕ್ಕಡಿ ಮಾವ. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಅವರು, ಇಲಾಖೆಯ ದೊಡ್ಡ ಕಲ್ಲನ್ನು ಜೊತೆಗೇ ತಂದವರಂತೆ ಇದ್ದರು. ಏಳು ಹಾಸಿಗೆ ಬಂದವು. ತೂತಿಗೆ ಒಂದರ ಮೇಲೊಂದು ಒತ್ತಿ, ಅದಕ್ಕೆ ಬೀರು ತಳ್ಳಿ, ಬೀರುವಿಗೆ ಬೆನ್ನು ಕೊಟ್ಟು ತಕ್ಕಡಿ ಮಾವ ಕುಳಿತರು. ಅವರಿಗೆ ಬೆನ್ನು ಕೊಟ್ಟು ಕಾಗುಣಿತ. ಅವನಿಗೆ ಬೆನ್ನು ಕೊಟ್ಟು ಇನ್ನೊಬ್ಬರು. ಅಡುಗೆಮನೆ ತುಂಬಿ ಸಾಲು ಹಜಾರದ ಫ್ರಿಜ್ಜಿನವರೆಗೂ ಬಂತು. ಒಟ್ಟು ಹತ್ತೊಂಬತ್ತು ಜನ.

ಸರಿಯಾಗಿ ಮೂರಕ್ಕೆ ಕೆಳಗೆ ಫ್ಯಾನು ಗುಂಯ್‌ಗುಟ್ಟಿತು.

ಮೊದಲು ಕಿವಿಯೊಳಗೆ ಏನೋ ಒತ್ತಿದಂತಾಯಿತು. ಆಮೇಲೆ ಹಾಸಿಗೆಗಳು ಉಬ್ಬತೊಡಗಿದವು. ಹೊರಗಿನ ಗಾಳಿಯೆಲ್ಲ ತೂತಿಗೆ ಮುಖವಿಟ್ಟು ‘ಒಳಗೆ ಬಿಡ್ರೋ’ ಎಂದು ತಳ್ಳುತ್ತಿತ್ತು. ಬೀರು ಒಂದು ಅಂಗುಲ ಮುಂದೆ ಬಂತು. ತಕ್ಕಡಿ ಮಾವನ ಕಣ್ಣು ಎರಡು ಅಂಗುಲ ಮುಂದೆ ಬಂತು.

“ತಳ್ರಪ್ಪಾ!”

“ತಳ್ತಾನೇ ಇದ್ದೀವಿ ಮಾವಾ!”

“ಯಾರೋ ನನ್ನ ಕಾಲು ತುಳೀತಿದ್ದಾರೆ!”

“ತುಳಿಸ್ಕೊಳ್ಳಿ, ಬಲೆ ಇಳಿಯುತ್ತೆ!”

“ಸೀನು ಬರ್ತಿದೆ...”

“ಸೀನಿದ್ರೆ ಕೊಂದುಬಿಡ್ತೀನಿ!”

ಇಪ್ಪತ್ತು ನಿಮಿಷ. ಹತ್ತೊಂಬತ್ತು ಜನ ಎತ್ತುಗಳಂತೆ ಉಸಿರುಬಿಟ್ಟರು. ಫ್ರಿಜ್ಜಿನ ಮೇಲಿನ ಬಿಳಿ ಡಬ್ಬಿ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗಿ ಮಿನುಗುತ್ತಿತ್ತು. ಚೆಂದ ಕಾಣುತ್ತದೆ ಎಂದುಕೊಂಡರೇ ವಿನಾ ಯಾರೂ ಅದರ ಗೋಜಿಗೆ ಹೋಗಲಿಲ್ಲ.

ಫ್ಯಾನು ನಿಂತಿತು. ಹಾಸಿಗೆಗಳು ನಿಟ್ಟುಸಿರುಬಿಟ್ಟವು. ಎಲ್ಲರೂ ಕೆದರಿದ ಕೂದಲಲ್ಲೇ ಫಲಿತಾಂಶ ಕೇಳಲು ಕೆಳಗೆ ಓಡಿದರು. “ಕಾಗುಣಿತದವ್ರೇ, ಆ ಡಬ್ಬಿ ತಗೊಂಡು ಬನ್ನಿ!” ಎಂದು ಸೆಕ್ರೆಟರಿ ಕೂಗಿದರು. ಅವನು ಬಹುಮಾನ ಹೊತ್ತವನಂತೆ ತಂದ.

ಪರೀಕ್ಷೆ ಸಾಹೇಬರು ತೆಳ್ಳಗೆ, ಗಂಭೀರವಾಗಿ, ಗಾಳಿಯಲ್ಲೇ ಮಾಡಿದಂತಿದ್ದರು. “ಗಂಟೆಗೆ ಮೂರು ಸಲ ಗಾಳಿ ಬದಲಾದರೂ ಪಾಸು. ನಿಮ್ಮದು ಒಂದೂವರೆ. ಇಷ್ಟು ಬಿಗಿಯಾದ ಕಟ್ಟಡ ನಾನು ನೋಡಿಲ್ಲ,” ಎಂದರು. ಚಪ್ಪಾಳೆ ಸಿಡಿಯಿತು. ತಕ್ಕಡಿ ಮಾವ ಕಣ್ಣೊರೆಸಿಕೊಂಡರು.

ಆಮೇಲೆ ಸಾಹೇಬರು ಡಬ್ಬಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಇದನ್ನ ಇಟ್ಟ ಮನೇಲಿ ಎಷ್ಟು ಜನ?”

“ಇವರೊಬ್ಬರೇ ಸಾರ್,” ಎಂದರು ಸೆಕ್ರೆಟರಿ ಹೆಮ್ಮೆಯಿಂದ.

ಸಾಹೇಬರು ಕಾಗುಣಿತನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನೀವೊಬ್ಬರೇ ಇಷ್ಟು ಉಸಿರಾಡ್ತೀರಾ?”

ಹದಿನೆಂಟು ಜನ ನೆಲ ನೋಡಿದರು.

“ಚಿಕ್ಕಂದಿನಿಂದ ಅಭ್ಯಾಸ ಸಾರ್,” ಎಂದ ಕಾಗುಣಿತ.

ಸಾಹೇಬರು ‘ಹೂಂ’ ಎಂದು ವರದಿ ಬರೆಯಲು ಕುಳಿತರು. “ಕಟ್ಟಡ ಪಾಸು. ಆದರೆ ಒಬ್ಬ ಮನುಷ್ಯನಿಂದಲೇ ಗಾಳಿ ಇಷ್ಟು ಕೆಡುತ್ತೆ ಅಂದ್ರೆ ನಾನು ಒಂದು ಸೂಚನೆ ಬರೀಲೇಬೇಕು. ಇದನ್ನ ಬೋರ್ಡಿಗೆ ಹಾಕಿ, ಕೆಲಸದವರಿಗೂ ಒಂದು ಪ್ರತಿ ಕೊಡಿ.” ಬರೆದು ಮುಗಿಸಿ, “ನನ್ನ ಬರವಣಿಗೇಲಿ ತಪ್ಪುಗಳು ಜಾಸ್ತಿ. ಯಾರಾದ್ರೂ ನೋಡ್ತೀರಾ?” ಎಂದರು.

ಇಪ್ಪತ್ತೆರಡು ವರ್ಷದಲ್ಲಿ ಛಾಪಖಾನೆಯ ಹೊರಗೆ ಯಾರೂ ಅವನನ್ನು ತಾವಾಗಿ ಕೇಳಿರಲಿಲ್ಲ. ಕಾಗುಣಿತ ಕೆಂಪು ಪೆನ್ನು ತೆಗೆದ. ಒಂದೊಂದೇ ಅಕ್ಷರದ ಮೇಲೆ ಪೆನ್ನಿನ ತುದಿ ಓಡಿಸಿದ. ‘ಪ್ರತಿದಿನ ಬೆಳಿಗ್ಗೆ ಎಲ್ಲ ಮನೆಗಳ ಕಿಟಕಿಗಳನ್ನು ತೆಗೆಯತಕ್ಕದ್ದು.’ ‘ಬೆಳಿಗ್ಗೆ’ಯಲ್ಲಿ ಒತ್ತಿದೆ, ಸರಿ. ‘ತಕ್ಕದ್ದು’ವಿನಲ್ಲಿ ಎರಡು ಒತ್ತು, ಎರಡೂ ಸರಿ. ತಪ್ಪಾಗಿ ಬರೆಯಲು ಎಷ್ಟೊಂದು ಅವಕಾಶವಿದ್ದರೂ ಸಾಹೇಬರು ಬರೆದಿಲ್ಲ! ಅವನ ಕಣ್ಣು ತುಂಬಿ ಬಂತು. ಕೆಳಗೆ ‘ಓದಿ ನೋಡಿದ್ದೇನೆ, ಒಂದೂ ತಪ್ಪಿಲ್ಲ’ ಎಂದು ಬರೆದು ರುಜು ಹಾಕಿದ.

ನಾಲ್ಕೂವರೆಗೆ ಬಲೆ ಇಳಿಯತೊಡಗಿತು. ಎಂಟು ತಿಂಗಳ ಮೇಲೆ ಹಳದಿ ಬಿಸಿಲು ಹಜಾರಕ್ಕೆ ಬಂದು ಕುಳಿತಿತು. ಕಾಗುಣಿತ ಹೆಂಡತಿಗೆ ಫೋನು ಮಾಡಿದ.

“ಬಲೆ ಇಳೀತಾ ಇದೆ ಕಣೇ!”

“ನಿಜವಾಗ್ಲೂ? ಟ್ಯಾಕ್ಸಿ ಹತ್ತಿದ್ದೀನಿ ರೀ. ಅರ್ಧ ದಾರಿ ಬಂದೆ. ಮನೆ ಹೇಗಿದೆ?”

“ಗಾಳಿ ಬೆಳಕು ಚೆನ್ನಾಗಿದೆ,” ಎಂದ. ಅವನು ಸುಳ್ಳು ಹೇಳುವವನಲ್ಲ.

ಮುಖ ತೊಳೆದು, ಹೊಸ ಅಂಗಿ ಹಾಕಿ, ಹಾಸಿಗೆ ಬೀರು ಸರಿಸಿದ್ದ ತೂತಿನ ಮುಂದೆ ಬಂದು ನಿಂತ. ಬಲೆ ನೆಲದ ಮೇಲೆ ಸತ್ತ ಹೆಬ್ಬಾವಿನಂತೆ ಬಿದ್ದಿತ್ತು. ನೋಡುತ್ತಿದ್ದಂತೆ ಹೆಬ್ಬಾವಿಗೆ ಜೀವ ಬಂತು. ತಲೆ ಎತ್ತಿ, ಸಾರುವೆ ಹಿಡಿದು ಮೇಲೆ ಹತ್ತತೊಡಗಿತು. ಹತ್ತು ಜನ ಎಳೆಯುತ್ತಿದ್ದರು. ಮುಂದೆ ಮೇಸ್ತ್ರಿ.

“ಏನಯ್ಯಾ ಇದು?”

“ಆರ್ಡರ್ ಬಂದಿದೆ ಸಾರ್.” ಮೇಸ್ತ್ರಿ ಜೇಬಿನಿಂದ ವರದಿಯ ಪ್ರತಿ ತೆಗೆದ. “ಎಲ್ಲ ಮನೆ ಕಿಟಕಿ ತೆಗೀಬೇಕಂತೆ. ಪ್ರತಿದಿನ ಬೆಳಿಗ್ಗೆ ಅಂತ ಬರೆದಿದ್ದಾರೆ. ಸಾಹೇಬ್ರಿಗೆ ಕೆಲಸ ಗೊತ್ತು ಸಾರ್, ಒಂದೇ ದಿನಕ್ಕೆ ಆಗೋದಲ್ಲ ಇದು. ಮನೆಗೆ ಐದು ಕಿಟಕಿ, ಬೆಳಿಗ್ಗೆ ಮಾತ್ರ ತೆಗೆಯೋದು ಅಂದ್ರೆ... ಆರು ತಿಂಗಳಾದ್ರೂ ಬೇಕು.”

“ಅಯ್ಯೋ, ತೆಗೆಯೋದು ಅಂದ್ರೆ ತೆರೆಯೋದು ಕಣಯ್ಯಾ!”

“ನಂಗೂ ಬೆಳಿಗ್ಗೆ ಆದದ್ದು ನೆನಪಾಯ್ತು ಸಾರ್. ಅದಕ್ಕೇ ಸೆಕ್ರೆಟರಿ ಹತ್ರ ಕೇಳಿದೆ, ಬರೆದದ್ದು ಸರಿ ಇದೆಯಾ ಅಂತ. ಅವ್ರು ನಿಮ್ಮ ರುಜು ತೋರಿಸಿದ್ರು. ‘ಓದಿ ನೋಡಿದ್ದೇನೆ, ಒಂದೂ ತಪ್ಪಿಲ್ಲ.’” ಮೇಸ್ತ್ರಿ ಗೌರವದಿಂದ ಕಾಗದ ಮಡಚಿದ. “ನಿಮ್ಮ ಅಡುಗೆಮನೇದು ಮಾತ್ರ ಮುಗೀತು ಸಾರ್. ಮೊದಲನೇ ನಂಬರ್ ನಿಮ್ಮದೇ.”

“ಹಾಕೋದು ಯಾವಾಗ?”

“ಹಾಕೋದು ಅಂತ ಎಲ್ಲೂ ಬರೆದಿಲ್ಲ ಸಾರ್.”

ಅಷ್ಟರಲ್ಲಿ ಕೆಳಗೆ ಟ್ಯಾಕ್ಸಿ ನಿಂತಿತು. ಹೆಂಡತಿ ಇಳಿದಳು. ಸಾರುವೆಯಿಂದ ಇಳಿದ ಕೆಲಸದವನೊಬ್ಬ, “ಅಮ್ಮಾ, ಮೂರನೇ ಮಹಡಿಯವರಾ? ಇದು ನಿಮ್ಮದೇ ಇರ್ಬೇಕು, ಹಲಗೆ ಮೇಲಿತ್ತು,” ಎಂದು ಕರಿ ಹಿಡಿದ ಪಾತ್ರೆ ಅವಳ ಕೈಗೆ ಕೊಟ್ಟ.

ಅವಳು ಪಾತ್ರೆ ನೋಡಿದಳು. ಎರಡನೇ ಮಹಡಿ ದಾಟಿ ಏರುತ್ತಿದ್ದ ಬಲೆ ನೋಡಿದಳು. ಬಲೆಗಿಂತ ಸ್ವಲ್ಪ ಮೇಲೆ, ಕಿಟಕಿಯಿಲ್ಲದ ಚೌಕದಲ್ಲಿ, ಹೊಸ ಅಂಗಿ ತೊಟ್ಟು ಫೋಟೋದಂತೆ ನಿಂತಿದ್ದ ಗಂಡನನ್ನು ನೋಡಿದಳು. ಹೊಸ ಕಿಟಕಿ ಬಂದ ಮೇಲೆ ಮೊದಲ ಸಲ ಅವನಿಗೆ ಬೀದಿಯ ಮಾತು ಅಕ್ಷರ ಅಕ್ಷರವೂ ಕೇಳಿಸುತ್ತಿತ್ತು.

“ರೀ! ಬಲೆ ತೆಗೆದ ಮೇಲೆ ಹೇಳಿ!”

ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಟ್ಯಾಕ್ಸಿ ಹತ್ತಿದಳು. ಟ್ಯಾಕ್ಸಿ ಬೀದಿಯ ತಿರುವಿನಲ್ಲಿ ಮರೆಯಾಗುವಷ್ಟರಲ್ಲಿ ಬಲೆ ಮೂರನೇ ಮಹಡಿಗೆ ಬಂದು ಅವನ ಮುಖ ಹಸಿರಾಯಿತು.

ಮೇಸ್ತ್ರಿ ಬಲೆಯ ಆಚೆಯಿಂದ ಇಣುಕಿದ.

“ಅಮ್ಮಾವ್ರು ಏನೋ ತೆಗೀಬೇಕು ಅಂದಂಗಾಯ್ತು. ಪೂರ್ತೀನಾ ಸಾರ್?”